ಅಚ್ಚಾಗುವ ಮುಂಚೆಯೇ ಎಲ್ಲರ ಕಣ್ಣಿಗೆ: ಪ್ರಿಪ್ರಿಂಟ್‌ನಿಂದ ಏನು ಲಾಭ?

2018ರ ಜುಲೈ ಕೊನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ (ಐಐಎಸ್‌ಸಿ) ಒಂದು ಸಂಶೋಧನಾ ಪೇಪರ್ ಹೊರಬಿತ್ತು. ಯಾವ ಜರ್ನಲ್‌ನಲ್ಲೂ, ಅಂದರೆ ಸಂಶೋಧನಾ ಪತ್ರಿಕೆಯಲ್ಲೂ ಅಲ್ಲ, ಆರ್ಕೈವ್ ಎಂಬ ಜಾಲತಾಣದಲ್ಲಿ. ಚಿನ್ನದೊಳಗೆ ಬೆಳ್ಳಿಯ ಅತಿ ಸಣ್ಣ ಕಣಗಳನ್ನು ಹುದುಗಿಸಿ ಮಾಡಿದ ವಸ್ತುವೊಂದು 236 ಕೆಲ್ವಿನ್‌ನಲ್ಲಿ, ಅಂದರೆ ಸೊನ್ನೆಗಿಂತ 37 ಡಿಗ್ರಿ ಸೆಲ್ಸಿಯಸ್ ಕೆಳಗೆ, ಸೂಪರ್‌ಕಂಡಕ್ಟರ್ ಆಗುತ್ತದೆ ಎಂದು ಇಬ್ಬರು ಸಂಶೋಧಕರು ಅದರಲ್ಲಿ ಬರೆದಿದ್ದರು. ಸೂಪರ್‌ಕಂಡಕ್ಟರ್ ಅಂದರೆ ಕರೆಂಟ್ ಒಂಚೂರೂ ಪೋಲಾಗದೆ ಹರಿಯುವ ವಸ್ತು. ಇಂಥವು ಸಾಮಾನ್ಯವಾಗಿ ಕೆಲಸ ಮಾಡಬೇಕಾದರೆ ಭಯಂಕರ ಚಳಿ ಬೇಕು. ಇಲ್ಲವೇ ಭೂಮಿಯ ಆಳದಲ್ಲಿರುವಂಥ ಒತ್ತಡ ಬೇಕು. ಮಾಮೂಲಿ ಗಾಳಿಯ ಒತ್ತಡದಲ್ಲಿ, ಬರೀ ಮೈನಸ್ 37 ಡಿಗ್ರಿಯಲ್ಲಿ ಅದು ಆಗುತ್ತದೆ ಎಂದರೆ ಭೌತವಿಜ್ಞಾನಿಗಳ ಕಿವಿ ನೆಟ್ಟಗಾಗಲೇಬೇಕು.

ಮೂರು ವಾರ ಕಳೆಯುವಷ್ಟರಲ್ಲಿ ಅಮೆರಿಕದ ಎಂಐಟಿಯಲ್ಲಿದ್ದ ಭೌತವಿಜ್ಞಾನಿ ಬ್ರಯನ್ ಸ್ಕಿನ್ನರ್ ಒಂದು ವಿಚಿತ್ರ ಗಮನಿಸಿದರು. ಯಾವ ಉಪಕರಣದಲ್ಲಿ ಅಳೆದರೂ ಅಂಕಿಗಳು ಸ್ವಲ್ಪ ಮೇಲೆ ಕೆಳಗೆ ಕುಣಿಯುತ್ತವೆ. ಆ ಕುಣಿತಕ್ಕೆ ಲೆಕ್ಕಾಚಾರ ಇರುವುದಿಲ್ಲ, ಪ್ರತಿ ಸಲವೂ ಬೇರೆ ಇರಬೇಕು. ಆದರೆ ಬೆಂಗಳೂರಿನ ಪೇಪರಿನ ಒಂದು ಚಿತ್ರದಲ್ಲಿ, ಬೇರೆ ಬೇರೆ ಕಾಂತಕ್ಷೇತ್ರದಲ್ಲಿ ಅಳೆದ ಎರಡು ಗೆರೆಗಳ ಕುಣಿತ ಒಂದೇ ಥರ ಇತ್ತು. ಸ್ಕಿನ್ನರ್ ಇದನ್ನು ಒಂದು ಪುಟ್ಟ ಟಿಪ್ಪಣಿಯಾಗಿ ಬರೆದು ಅದೇ ಆರ್ಕೈವ್‌ನಲ್ಲಿ ಹಾಕಿದರು. ಯಾರ ಮೇಲೂ ಆರೋಪ ಹೊರಿಸಲಿಲ್ಲ. 'ಹೀಗೆ ಕಾಣುತ್ತಿದೆ, ಯಾಕೆ?' ಎನ್ನುವ ಧಾಟಿ ಅಷ್ಟೇ. ಜಗತ್ತಿನ ಲ್ಯಾಬ್‌ಗಳೆಲ್ಲ ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದವು. 2019ರ ಮೇ ತಿಂಗಳಲ್ಲಿ ಐಐಎಸ್‌ಸಿ ತಂಡ ಇನ್ನಷ್ಟು ಜನರನ್ನು ಸೇರಿಸಿಕೊಂಡು, ಇನ್ನಷ್ಟು ಅಳತೆಗಳೊಂದಿಗೆ ಪೇಪರಿನ ಹೊಸ ಆವೃತ್ತಿ ಹಾಕಿತು. ಆ ವಾದಕ್ಕೆ ವಿಜ್ಞಾನಲೋಕದ ಒಪ್ಪಿಗೆ ಮಾತ್ರ ಸಿಕ್ಕಿಲ್ಲ.

ಆಗ ಹಲವರು ಹೇಳಿದ ಮಾತು ಒಂದೇ: 'ನೋಡಿ, ಜರ್ನಲ್‌ಗೆ ಕಾಯದೆ ಹಾಕಿದರೆ ಹೀಗೇ ಆಗೋದು.' ನನಗೆ ಈ ಪ್ರಸಂಗದಿಂದ ಹೊಳೆಯುವುದು ಇದಕ್ಕೆ ತದ್ವಿರುದ್ಧ. ಆ ಎರಡು ಗೆರೆಗಳ ಹೋಲಿಕೆ ಮೂರು ವಾರದಲ್ಲಿ ಸಿಕ್ಕಿದ್ದೇ ಪೇಪರ್ ಬಯಲಲ್ಲಿ ಇದ್ದದ್ದರಿಂದ. ಇದನ್ನು ಸರಿಯಾಗಿ ಹೇಳಬೇಕಾದರೆ ಪ್ರಿಪ್ರಿಂಟ್ ಅಂದರೇನು ಎಂಬಲ್ಲಿಂದ ಶುರು ಮಾಡಬೇಕು.

ಒಬ್ಬ ಸಂಶೋಧಕಿ ಪೇಪರ್ ಬರೆದು ಮುಗಿಸಿದರು ಎಂದುಕೊಳ್ಳಿ. ಅವರು ಅದನ್ನು ಒಂದು ಜರ್ನಲ್‌ಗೆ ಕಳಿಸುತ್ತಾರೆ. ಸಂಪಾದಕರು ಒಮ್ಮೆ ಕಣ್ಣಾಡಿಸಿ, ಸರಿ ಅನ್ನಿಸಿದರೆ ಆ ವಿಷಯ ಬಲ್ಲ ಇಬ್ಬರಿಗೋ ಮೂವರಿಗೋ ಕಳಿಸುತ್ತಾರೆ. ಇವರೇ ರಿವ್ಯೂವರ್‌ಗಳು. ಇವರಿಗೆ ಸಂಬಳ ಇಲ್ಲ. ಹೆಸರೂ ಹೆಚ್ಚಾಗಿ ಗುಟ್ಟು. ತಮ್ಮ ಪಾಠ, ಪ್ರಯೋಗ, ಪರೀಕ್ಷೆ ಪೇಪರ್ ತಿದ್ದುವುದು ಎಲ್ಲದರ ನಡುವೆ ಬಿಡುವು ಮಾಡಿಕೊಂಡು ಓದಿ, ಪ್ರಶ್ನೆ ಕೇಳಿ, ತಿದ್ದಲು ಹೇಳುತ್ತಾರೆ. ಲೇಖಕರು ತಿದ್ದುತ್ತಾರೆ, ಮತ್ತೆ ಓದಿಗೆ ಹೋಗುತ್ತದೆ. ಎಲ್ಲ ಸರಿಹೋದರೆ ಅಚ್ಚು. ಇಲ್ಲದಿದ್ದರೆ ಇನ್ನೊಂದು ಜರ್ನಲ್, ಮತ್ತೆ ಮೊದಲಿಂದ. ತಿಂಗಳುಗಟ್ಟಲೆ ಹಿಡಿಯುತ್ತದೆ. ಗಣಿತದಲ್ಲಂತೂ ಒಂದೆರಡು ವರ್ಷ ಹಿಡಿದರೂ ಯಾರೂ ಹುಬ್ಬೇರಿಸುವುದಿಲ್ಲ. ಅಷ್ಟು ದಿನವೂ ಆ ಕೆಲಸ ನಾಲ್ಕಾರು ಜನರ ಕಂಪ್ಯೂಟರ್‌ನಲ್ಲಿ ಬೀಗ ಹಾಕಿ ಕೂತಿರುತ್ತದೆ.

ಪ್ರಿಪ್ರಿಂಟ್ ಅಂದರೆ ಅದೇ ಪೇಪರನ್ನು, ಜರ್ನಲ್‌ಗೆ ಕಳಿಸುವ ಮುಂಚೆಯೋ ಕಳಿಸಿದ ದಿನವೋ, ಯಾರು ಬೇಕಾದರೂ ಪುಕ್ಕಟೆ ಓದುವ ಹಾಗೆ ಒಂದು ಸಾರ್ವಜನಿಕ ತಾಣದಲ್ಲಿ ಹಾಕುವುದು. ಜರ್ನಲ್ ದಾರಿ ಅದರ ಪಾಡಿಗೆ ನಡೆಯುತ್ತಿರುತ್ತದೆ. ಇದು ಜರ್ನಲ್ ಬದಲಿಗೆ ಅಲ್ಲ, ಜರ್ನಲ್ ಜೊತೆಗೆ. ಅಪರೂಪಕ್ಕೆ ಜರ್ನಲ್‌ಗೆ ಹೋಗದೆ ಇರುವುದೂ ಉಂಟು. ರಷ್ಯಾದ ಗ್ರಿಗರಿ ಪೆರೆಲ್ಮನ್ 2002 ಮತ್ತು 2003ರಲ್ಲಿ ಆರ್ಕೈವ್‌ಗೆ ಮೂರು ಪೇಪರ್ ಹಾಕಿ ಸುಮ್ಮನಾದರು. ಸುಮಾರು ನೂರು ವರ್ಷದಿಂದ ಬಿಡಿಸಲಾಗದೆ ಉಳಿದಿದ್ದ ಪ್ವಾಂಕರೆ ಊಹೆ ಎಂಬ ಗಣಿತದ ಒಗಟಿನ ಪುರಾವೆ ಅವುಗಳಲ್ಲಿತ್ತು. ಅವುಗಳನ್ನು ಅವರು ಯಾವ ಜರ್ನಲ್‌ಗೂ ಕಳಿಸಲಿಲ್ಲ. ಬೇರೆ ಗಣಿತಜ್ಞರು ವರ್ಷಗಟ್ಟಲೆ ಕೂತು ಸಾಲು ಸಾಲು ಪರಿಶೀಲಿಸಿ ಒಪ್ಪಿದರು. ಬಂದ ಫೀಲ್ಡ್ಸ್ ಪದಕವನ್ನೂ ಹತ್ತು ಲಕ್ಷ ಡಾಲರ್ ಬಹುಮಾನವನ್ನೂ ಪುಣ್ಯಾತ್ಮ ಬೇಡ ಎಂದರು. ಅದು ಬೇರೆ ಕಥೆ ಬಿಡಿ.

ಅಂಚೆಯಿಂದ ಇಮೇಲ್‌ಗೆ

ಪ್ರಿಪ್ರಿಂಟ್ ಇಂಟರ್ನೆಟ್ ತಂದ ಹೊಸ ರೂಢಿ ಅಂದುಕೊಂಡರೆ ತಪ್ಪು. ಭೌತವಿಜ್ಞಾನಿಗಳು ಇಂಟರ್ನೆಟ್‌ಗೆ ಎಷ್ಟೋ ಮುಂಚೆಯೇ ಪೇಪರಿನ ಟೈಪ್ ಪ್ರತಿ ಮಾಡಿ ಪರಿಚಯದವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಇದರಲ್ಲೊಂದು ಅನ್ಯಾಯ ಇತ್ತು. ಪ್ರತಿ ಯಾರಿಗೆ ಹೋಗುತ್ತದೆ? ಹಾರ್ವರ್ಡ್, ಪ್ರಿನ್ಸ್‌ಟನ್, ಕೇಂಬ್ರಿಜ್‌ನವರಿಗೆ. ಮುಂಬೈಗೋ ಬೆಂಗಳೂರಿಗೋ ಬಂದರೂ ತಡವಾಗಿ. ಸಣ್ಣ ಊರಿನ ವಿಶ್ವವಿದ್ಯಾಲಯಕ್ಕೆ ಬರುತ್ತಲೇ ಇರಲಿಲ್ಲ. ಸಂಶೋಧನೆಯ ಸುದ್ದಿ ಗೆಳೆತನದ ದಾರಿಯಲ್ಲಿ ಓಡಾಡುತ್ತಿತ್ತು.

1991ರ ಆಗಸ್ಟ್‌ನಲ್ಲಿ ಅಮೆರಿಕದ ಲಾಸ್ ಅಲಮಾಸ್ ಪ್ರಯೋಗಾಲಯದ ಪಾಲ್ ಗಿನ್ಸ್‌ಪಾರ್ಗ್ ಒಂದು ಕಂಪ್ಯೂಟರ್‌ನಲ್ಲಿ ಇಮೇಲ್ ಮೂಲಕ ಪೇಪರ್ ಪಡೆದು, ಇಮೇಲ್ ಮೂಲಕವೇ ಹಂಚುವ ವ್ಯವಸ್ಥೆ ಕಟ್ಟಿದರು. ಆರ್ಕೈವ್ ಹುಟ್ಟಿದ್ದು ಹೀಗೆ. 2001ರಲ್ಲಿ ಅದು ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಬಂತು. ಈಗ ಅದರಲ್ಲಿ 20 ಲಕ್ಷಕ್ಕೂ ಮೀರಿ ಪೇಪರ್‌ಗಳಿವೆ. ಹಾಕಲು ದುಡ್ಡು ಕೊಡಬೇಕಿಲ್ಲ, ಓದಲೂ ಕೊಡಬೇಕಿಲ್ಲ.

ಇದರ ಪರಿಣಾಮ ಭಾರತದಲ್ಲಿ ಬೇಗನೆ ಕಾಣಿಸಿತು. 1994ರ ಫೆಬ್ರುವರಿಯಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಅಶೋಕ್ ಸೇನ್ ಭೌತವಿಜ್ಞಾನದ ಸ್ಟ್ರಿಂಗ್ ಸಿದ್ಧಾಂತದ ಬಗ್ಗೆ ಒಂದು ಪುಟ್ಟ ಪೇಪರ್ ಹಾಕಿದರು. ಆ ಕ್ಷೇತ್ರ ಆಮೇಲೆ ಹಿಡಿದ ದಾರಿಯನ್ನೇ ಅದು ಬದಲಿಸಿತು. ಅಮೆರಿಕದ ದಿಗ್ಗಜರು ಅದನ್ನು ಓದಿದ್ದು ಅಂಚೆಯವನಿಗೆ ಕಾದು ಅಲ್ಲ. ತಮ್ಮ ಪಕ್ಕದ ಕೋಣೆಯವರ ಪೇಪರ್ ಬಂದ ಪಟ್ಟಿಯಲ್ಲೇ ಮುಂಬೈನದೂ ಬಂದಿತ್ತು. ಬರೆದವರು ಎಲ್ಲಿ ಕೂತಿದ್ದಾರೆ ಎಂಬುದು ಲೆಕ್ಕಕ್ಕೇ ಬರದ ಹಾಗಾಯಿತು.

ಜೀವವಿಜ್ಞಾನಿಗಳ ಕಥೆ ಬೇರೆ. ಅವರು ಭೌತವಿಜ್ಞಾನಿಗಳಿಗಿಂತ ಮುಂಚೆಯೇ ದೊಡ್ಡ ಪ್ರಯತ್ನ ಮಾಡಿದ್ದರು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 1961ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಪೇಪರ್‌ಗಳ ಕರಡನ್ನು ಅಂಚೆಯಲ್ಲಿ ಹಂಚುವ ಗುಂಪುಗಳನ್ನು ಶುರುಮಾಡಿತು. 3,600ಕ್ಕೂ ಹೆಚ್ಚು ಜನ ಸೇರಿದರು. 2,500ಕ್ಕೂ ಹೆಚ್ಚು ಬರಹಗಳು ಓಡಾಡಿದವು. ಜರ್ನಲ್‌ಗಳಿಗೆ ಇದು ಹಿಡಿಸಲಿಲ್ಲ. ಹೀಗೆ ಹಂಚಿದ ಪೇಪರನ್ನು ನಾವು ಅಚ್ಚು ಹಾಕುವುದಿಲ್ಲ ಎಂದು ಕೂತವು. 1967ರಲ್ಲಿ ಗುಂಪುಗಳು ಮುಚ್ಚಿದವು. ಎರಡು ವರ್ಷದ ನಂತರ ಅಮೆರಿಕದ ಹೆಸರಾಂತ ವೈದ್ಯಕೀಯ ಜರ್ನಲ್ ಒಂದರ ಸಂಪಾದಕ ಫ್ರಾಂಜ್ ಇಂಗಲ್‌ಫಿಂಗರ್, ಬೇರೆಲ್ಲಾದರೂ ಬಂದದ್ದನ್ನು ನಾವು ಹಾಕುವುದಿಲ್ಲ ಎಂದು ನಿಯಮವನ್ನೇ ಮಾಡಿದರು. ಈ ಹೆದರಿಕೆ ದಶಕಗಟ್ಟಲೆ ಉಳಿಯಿತು. ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯ ಜೀವವಿಜ್ಞಾನಕ್ಕೆಂದು ಬಯೋಆರ್ಕೈವ್ ತೆರೆದದ್ದು 2013ರ ನವೆಂಬರ್‌ನಲ್ಲಿ. ವೈದ್ಯಕೀಯಕ್ಕೆ ಮೆಡ್‌ಆರ್ಕೈವ್ ಬಂದದ್ದು 2019ರ ಜೂನ್‌ನಲ್ಲಿ. ಕೊರೋನಾಗೆ ಸರಿಯಾಗಿ ಆರು ತಿಂಗಳು ಮುಂಚೆ.

ಕಾನ್ಪುರದ ಒಂಬತ್ತು ಪುಟ

ಓದುಗರ ಟೀಕೆಯಿಂದ ಪೇಪರ್ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ನಮ್ಮದೇ ದೇಶದ್ದು. 2002ರ ಆಗಸ್ಟ್ ಮೊದಲ ವಾರ. ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ಆ ವರ್ಷವಷ್ಟೇ ಬಿ.ಟೆಕ್ ಮುಗಿಸಿದ್ದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಒಂಬತ್ತು ಪುಟದ ಕರಡೊಂದನ್ನು ಕೆಲವು ತಜ್ಞರಿಗೆ ಇಮೇಲ್ ಮಾಡಿ, ಸಂಸ್ಥೆಯ ಜಾಲತಾಣದಲ್ಲೂ ಹಾಕಿದರು.

ಪ್ರಶ್ನೆ ಶಾಲೆಯ ಮಕ್ಕಳಿಗೂ ಅರ್ಥವಾಗುವಂಥದ್ದು. ಒಂದು ಸಂಖ್ಯೆ ಕೊಟ್ಟರೆ ಅದು ಅವಿಭಾಜ್ಯವೋ ಅಲ್ಲವೋ ಎಂದು ಕಂಪ್ಯೂಟರ್ ಬೇಗ ಹೇಳಬಲ್ಲದೇ? ಅದೂ ಅದೃಷ್ಟದ ಮೇಲೆ ನಿಲ್ಲದೆ, ಸಾಬೀತಾಗದ ಯಾವ ಊಹೆಯನ್ನೂ ನಂಬದೆ, ಖಚಿತವಾಗಿ? ಸಂಖ್ಯೆ ಎಷ್ಟೇ ದೊಡ್ಡದಾದರೂ ಲೆಕ್ಕದ ಸಮಯ ಹದ ಮೀರಿ ಬೆಳೆಯಬಾರದು. ಘಟಾನುಘಟಿಗಳು ಇದರ ಸುತ್ತ ಸುತ್ತುತ್ತಿದ್ದರು. ಈ ಮೂವರು ಆಗುತ್ತದೆ ಎಂದು ತೋರಿಸಿದರು, ಅದೂ ಯಾರೂ ನಿರೀಕ್ಷಿಸದಷ್ಟು ಸರಳವಾಗಿ.

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಕಾರ್ಲ್ ಪೊಮರೆನ್ಸ್ ಇಮೇಲ್ ಓದಿ, ಸರಿಯಾಗಿದೆ ಎಂದು ಮನವರಿಕೆಯಾಗಿ, ಅದೇ ದಿನ ಸಹೋದ್ಯೋಗಿಗಳಿಗೆ ಅದರ ಬಗ್ಗೆ ಉಪನ್ಯಾಸ ಕೊಟ್ಟರು. ಅದೇ ವಾರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಸುದ್ದಿ. ಇಷ್ಟೇ ಆಗಿದ್ದರೆ ಇದು ಬರೀ ವೇಗದ ಕಥೆ. ಆದರೆ ಮೊದಲ ಕರಡಿನಲ್ಲಿ ಒಂದು ಕಡೆ ಸಂಖ್ಯಾಶಾಸ್ತ್ರದ ಬಲು ಕಠಿಣವಾದ ಹಳೆಯ ಫಲಿತಾಂಶವೊಂದನ್ನು ನೆಚ್ಚಿಕೊಂಡಿದ್ದರು. ಡಚ್ ಗಣಿತಜ್ಞ ಹೆಂಡ್ರಿಕ್ ಲೆನ್‌ಸ್ಟ್ರಾ ಓದಿ, ಅದರ ಹಂಗೇ ಇಲ್ಲದೆ ಸಾಧಿಸುವ ದಾರಿ ತೋರಿಸಿದರು. ಮೂವರೂ ಅದನ್ನು ಸೇರಿಸಿಕೊಂಡರು, ಯಾರಿಂದ ಬಂತು ಎಂದು ಹೇಳಿಯೇ ಸೇರಿಸಿಕೊಂಡರು. ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್ ಜರ್ನಲ್‌ನಲ್ಲಿ ಪೇಪರ್ ಬಂದದ್ದು 2004ರಲ್ಲಿ. ಅಷ್ಟರಲ್ಲಿ ಜಗತ್ತು ಅದನ್ನು ಓದಿ, ಚಂದ ಮಾಡಿ, ಪಾಠ ಹೇಳಲೂ ಶುರುಮಾಡಿತ್ತು. ಬೀಗ ಹಾಕಿದ ಕೋಣೆಯ ಇಬ್ಬರು ರಿವ್ಯೂವರ್‌ಗಳಲ್ಲಿ ಲೆನ್‌ಸ್ಟ್ರಾ ಇದ್ದೇ ಇರುತ್ತಿದ್ದರು ಎಂದು ಯಾರು ಹೇಳಬಲ್ಲರು? ಬಯಲಲ್ಲಿ ಇಟ್ಟರೆ ಸರಿಯಾದ ಓದುಗ ತಾನಾಗಿ ಹುಡುಕಿಕೊಂಡು ಬರುತ್ತಾನೆ.

ಕೊರೋನಾ ಕಾಲ

ಗಣಿತದಲ್ಲಿ ಎರಡು ವರ್ಷ ಕಾದರೆ ಯಾರ ಜೀವವೂ ಹೋಗುವುದಿಲ್ಲ. 2020ರಲ್ಲಿ ಹಾಗಿರಲಿಲ್ಲ. ಬ್ರಿಟನ್ನಿನ ರಿಕವರಿ ಎಂಬ ದೊಡ್ಡ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಸ್ಟೀರಾಯ್ಡ್ ಕೊಟ್ಟು ನೋಡಿದರು. ವೆಂಟಿಲೇಟರ್‌ನಲ್ಲಿದ್ದವರ ಸಾವು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಯಿತು. ಬರೀ ಆಕ್ಸಿಜನ್ ಬೇಕಾಗಿದ್ದವರಲ್ಲೂ ಕಡಿಮೆಯಾಯಿತು. ಎರಡೂ ಬೇಡವಾದವರಿಗೆ ಏನೂ ಉಪಯೋಗ ಕಾಣಲಿಲ್ಲ. ಜೂನ್ 16ಕ್ಕೆ ಪತ್ರಿಕಾ ಹೇಳಿಕೆಯಲ್ಲಿ ಫಲಿತಾಂಶ ಹೇಳಿದರು. ಜೂನ್ 22ಕ್ಕೆ ಅಂಕಿ ಅಂಶಗಳ ಸಮೇತ ಪೇಪರ್ ಮೆಡ್‌ಆರ್ಕೈವ್‌ನಲ್ಲಿತ್ತು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ ಜೂನ್ 27ರಂದು ಚಿಕಿತ್ಸೆಯ ಮಾರ್ಗಸೂಚಿಯಲ್ಲಿ ಆ ಔಷಧ ಸೇರಿಸಿತು. ಜರ್ನಲ್‌ನಲ್ಲಿ ಪೇಪರ್ ಬಂದದ್ದು ಜುಲೈ 17ಕ್ಕೆ.

ಇಲ್ಲಿ ಪತ್ರಿಕಾ ಹೇಳಿಕೆ ಮತ್ತು ಪ್ರಿಪ್ರಿಂಟ್‌ನ ನಡುವಿನ ಆರು ದಿನವನ್ನು ಗಮನಿಸಬೇಕು. ಜೂನ್ 16ಕ್ಕೆ ವೈದ್ಯರ ಕೈಯಲ್ಲಿ ಇದ್ದದ್ದು 'ನಮ್ಮನ್ನು ನಂಬಿ' ಎನ್ನುವ ಮಾತು ಮಾತ್ರ. 22ಕ್ಕೆ ಸಿಕ್ಕಿದ್ದು ಪಟ್ಟಿ, ಡೋಸ್, ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬ ವಿವರ. ಅವಸರದ ಕಾಲದಲ್ಲಿ ಸುದ್ದಿ ಹೇಗೂ ಹೊರಗೆ ಬಂದೇ ಬರುತ್ತದೆ. ಪ್ರಿಪ್ರಿಂಟ್ ಇಲ್ಲದಿದ್ದರೆ ಅದು ಪುರಾವೆ ಇಲ್ಲದೆ ಬರುತ್ತದೆ, ಅಷ್ಟೇ ವ್ಯತ್ಯಾಸ.

ಅದೇ ವರ್ಷ ಪ್ರಿಪ್ರಿಂಟ್‌ಗೆ ಕೆಟ್ಟ ಹೆಸರೂ ಬಂತು. ಜನವರಿ 31ಕ್ಕೆ ದೆಹಲಿಯ ಸಂಶೋಧಕರ ಒಂದು ಪೇಪರ್ ಬಯೋಆರ್ಕೈವ್‌ನಲ್ಲಿ ಕಾಣಿಸಿತು. ಹೊಸ ವೈರಸ್ಸಿನ ಪ್ರೋಟೀನಿನಲ್ಲಿ ಎಚ್‌ಐವಿಯನ್ನು ಹೋಲುವ ತುಣುಕುಗಳಿವೆ ಎನ್ನುವ ಅದರ ಮಾತು ಗಂಟೆಗಳಲ್ಲಿ ಜಗತ್ತು ಸುತ್ತಿತು. 'ಲ್ಯಾಬಿನಲ್ಲಿ ಮಾಡಿದ ವೈರಸ್' ಎನ್ನುವವರಿಗೆ ಹಬ್ಬ. ಜೀವವಿಜ್ಞಾನಿಗಳು ಸಾಲುಗಟ್ಟಿ ಬಂದು, ಈ ತುಣುಕುಗಳು ತೀರಾ ಸಣ್ಣವು, ಎಷ್ಟೋ ಬೇರೆ ಜೀವಿಗಳಲ್ಲೂ ಸಿಗುತ್ತವೆ, ಹೋಲಿಕೆಗೆ ಅರ್ಥವಿಲ್ಲ ಎಂದು ತೋರಿಸಿದರು. ಎರಡು ದಿನದಲ್ಲಿ ಲೇಖಕರೇ ಪೇಪರ್ ಹಿಂದಕ್ಕೆ ಪಡೆದರು. ಪೇಪರ್ ಹೋಯಿತು, ವಾಟ್ಸಾಪ್ ಫಾರ್ವರ್ಡ್ ಉಳಿಯಿತು. ಈ ಹಾನಿಯನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ.

ಆದರೆ ಜರ್ನಲ್ ಕಡೆಗೂ ನೋಡೋಣ. ಅದೇ ವರ್ಷ ಮೇ 22ಕ್ಕೆ ಪ್ರಪಂಚದ ಅತಿ ಪ್ರತಿಷ್ಠಿತ ವೈದ್ಯಕೀಯ ಜರ್ನಲ್‌ಗಳಲ್ಲಿ ಒಂದಾದ ಲ್ಯಾನ್ಸೆಟ್ ಒಂದು ಪೇಪರ್ ಪ್ರಕಟಿಸಿತು. 671 ಆಸ್ಪತ್ರೆ, ಸುಮಾರು 96,000 ರೋಗಿಗಳ ದಾಖಲೆ ನೋಡಿದ್ದೇವೆ, ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟವರಲ್ಲಿ ಸಾವು ಜಾಸ್ತಿ ಎಂದು ಅದು ಹೇಳಿತು. ಅದನ್ನು ನಂಬಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದ ಆ ಭಾಗವನ್ನು ನಿಲ್ಲಿಸಿತು. ಹೊರಗಿನ ವಿಜ್ಞಾನಿಗಳು ಬಹಿರಂಗ ಪತ್ರ ಬರೆದು ದಾಖಲೆ ತೋರಿಸಿ ಎಂದರು. ಸರ್ಜಿಸ್ಫಿಯರ್ ಎಂಬ ಕಂಪನಿಯ ಬಳಿ ಇದೆಯೆಂದ ಆ ದಾಖಲೆಗಳನ್ನು ಸ್ವತಂತ್ರ ಪರಿಶೀಲನೆಗೆ ಕೊಡಲೇ ಇಲ್ಲ. ಜೂನ್ 4ಕ್ಕೆ ಪೇಪರ್ ವಾಪಸ್. ಆ ಔಷಧ ಕೊರೋನಾಗೆ ಕೆಲಸ ಮಾಡುವುದಿಲ್ಲ ಎಂದು ಆಮೇಲೆ ಬೇರೆ ಸರಿಯಾದ ಪ್ರಯೋಗಗಳಿಂದ ಗೊತ್ತಾಯಿತು, ನಿಜ. ಆದರೆ ಈ ಪೇಪರ್ ಮಾತ್ರ ರಿವ್ಯೂವರ್‌ಗಳ ಪರಿಶೀಲನೆ (ಪೀರ್ ರಿವ್ಯೂ) ದಾಟಿಯೇ ಬಂದಿತ್ತು. ತಪ್ಪು ಹಿಡಿದದ್ದು ರಿವ್ಯೂವರ್‌ಗಳಲ್ಲ, ಪ್ರಕಟವಾದ ಮೇಲೆ ಓದಿದವರು.

ಮೂರು ವಾರ ಮತ್ತು ಎರಡು ವರ್ಷ

ಸೂಪರ್‌ಕಂಡಕ್ಟರ್‌ಗೆ ಮರಳಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. 2023ರ ಜುಲೈ 22ಕ್ಕೆ ದಕ್ಷಿಣ ಕೊರಿಯಾದ ತಂಡವೊಂದು ಆರ್ಕೈವ್‌ನಲ್ಲಿ ಎಲ್‌ಕೆ-99 ಎಂಬ ವಸ್ತುವಿನ ಬಗ್ಗೆ ಬರೆಯಿತು. ಸೀಸ, ತಾಮ್ರ, ರಂಜಕ ಎಲ್ಲ ಸೇರಿದ ಈ ವಸ್ತು ಕೋಣೆಯ ಉಷ್ಣತೆಯಲ್ಲೂ ಸೂಪರ್‌ಕಂಡಕ್ಟರ್ ಎಂದಿತು. ಮಾಡುವ ವಿಧಾನವೂ ಪೇಪರಿನಲ್ಲೇ ಇತ್ತು. ಒಲೆ ಇದ್ದ ಲ್ಯಾಬ್‌ಗಳೆಲ್ಲ ಬೇಯಿಸಲು ಶುರುಮಾಡಿದವು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಮಾಡಿ ನೋಡಿ, ಸೂಪರ್‌ಕಂಡಕ್ಟರ್ ಲಕ್ಷಣ ಕಾಣಲಿಲ್ಲ ಎಂದು ತನ್ನದೇ ಪ್ರಿಪ್ರಿಂಟ್ ಹಾಕಿತು.

ಇಲಿನಾಯ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ಪ್ರಶಾಂತ್ ಜೈನ್ ಪೇಪರಿನಲ್ಲಿ ಒಂದು ಅಂಕಿ ನೋಡಿದರು. ಸುಮಾರು 104 ಡಿಗ್ರಿಯಲ್ಲಿ ವಿದ್ಯುತ್ ತಡೆ ದಿಢೀರನೆ ಇಳಿಯುತ್ತಿತ್ತು. ಆ ಅಂಕಿಯನ್ನು ಅವರು ಬೇರೆಲ್ಲೋ ಕಂಡಿದ್ದರು. ತಾಮ್ರದ ಸಲ್ಫೈಡ್ ತನ್ನ ರಚನೆ ಬದಲಿಸುವುದು ಅದೇ ಉಷ್ಣತೆಯಲ್ಲಿ. ಎಲ್‌ಕೆ-99 ಮಾಡುವಾಗ ಕಲ್ಮಶವಾಗಿ ಉಳಿಯುವುದೂ ಅದೇ. ಆಗಸ್ಟ್ ನಡುವಿನ ಹೊತ್ತಿಗೆ ವಿಷಯ ಇತ್ಯರ್ಥ. 

ಇದರ ಪಕ್ಕದಲ್ಲೇ ಇನ್ನೊಂದು ಘಟನೆ ಇಟ್ಟು ನೋಡಿ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ತಂಡವೊಂದು 2020ರ ಅಕ್ಟೋಬರ್‌ನಲ್ಲಿ ನೇಚರ್ ಜರ್ನಲ್‌ನಲ್ಲಿ, ಭಾರೀ ಒತ್ತಡದಲ್ಲಿ 15 ಡಿಗ್ರಿ ಸೆಲ್ಸಿಯಸ್‌ನಲ್ಲೇ ಸೂಪರ್‌ಕಂಡಕ್ಟರ್ ಆಗುವ ವಸ್ತು ಸಿಕ್ಕಿದೆ ಎಂದು ಪ್ರಕಟಿಸಿತು. ರಿವ್ಯೂ ಆಗಿತ್ತು, ಮುದ್ರೆ ಬಿದ್ದಿತ್ತು. ಸಂಶಯ ಪಟ್ಟವರು ಮೂಲ ಅಳತೆಗಳನ್ನು ಕೇಳಿ ಕೇಳಿ ಸುಸ್ತಾದರು. ಪೇಪರ್ ಹಿಂದಕ್ಕೆ ಹೋದದ್ದು 2022ರ ಸೆಪ್ಟೆಂಬರ್‌ನಲ್ಲಿ. ಅದೇ ತಂಡದ ಇನ್ನೊಂದು ಪೇಪರ್ 2023ರ ಮಾರ್ಚ್‌ನಲ್ಲಿ ಅದೇ ಜರ್ನಲ್‌ನಲ್ಲಿ ಬಂದು, ನವೆಂಬರ್‌ನಲ್ಲಿ ಅದೂ ವಾಪಸ್ ಆಯಿತು.

ಬಯಲಲ್ಲಿದ್ದದ್ದು ಮೂರು ವಾರದಲ್ಲಿ ಬಗೆಹರಿಯಿತು. ಮುದ್ರೆ ಬಿದ್ದದ್ದಕ್ಕೆ ಎರಡು ವರ್ಷ ಬೇಕಾಯಿತು. ಒಂದೆರಡು ಉದಾಹರಣೆಯಿಂದ ಎಲ್ಲವನ್ನೂ ಅಳೆಯಬಾರದು, ಒಪ್ಪುತ್ತೇನೆ. ಆದರೂ ಮನುಷ್ಯರ ಸ್ವಭಾವ ಇಲ್ಲಿ ಕಾಣುತ್ತದೆ. ಪ್ರಿಪ್ರಿಂಟ್ ಎಂದರೆ ಓದುವವರೇ ಎಚ್ಚರವಾಗಿರುತ್ತಾರೆ, ತಾವೇ ತೂಗಿ ನೋಡುತ್ತಾರೆ. ಲೇಖಕರಿಗೂ ತಿದ್ದಲು ಮುಜುಗರ ಕಡಿಮೆ, ಎರಡನೇ ಆವೃತ್ತಿ ಹಾಕಿದರಾಯಿತು. ಜರ್ನಲ್ ಮುದ್ರೆ ಬಿದ್ದ ಮೇಲೆ ಲೇಖಕರು, ಸಂಪಾದಕರು, ಸಂಸ್ಥೆ ಎಲ್ಲರ ಮರ್ಯಾದೆಯೂ ಅದಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ ನನ್ನ ಪ್ರಕಾರ ಬೇಗ ಸಿಗುತ್ತದೆ ಎನ್ನುವುದು ಪ್ರಿಪ್ರಿಂಟಿನ ಸಣ್ಣ ಲಾಭ. ತಪ್ಪು ಹುಡುಕುವ ಕೆಲಸಕ್ಕೆ ಇಡೀ ಊರೇ ಬರಬಹುದು ಎನ್ನುವುದು ದೊಡ್ಡ ಲಾಭ.

ಎಲ್ಲ ಪ್ರಿಪ್ರಿಂಟ್‌ಗಳೂ ಇಂಥ ಗದ್ದಲದವೇ ಎಂದುಕೊಳ್ಳಬೇಡಿ. ಗದ್ದಲ ಆಗುವುದು ಬೆರಳೆಣಿಕೆಯವು. 2017ಕ್ಕೂ ಮುಂಚೆ ಬಯೋಆರ್ಕೈವ್‌ಗೆ ಹಾಕಿದವುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಆಮೇಲೆ ಜರ್ನಲ್‌ಗಳಲ್ಲಿ ಬಂದಿವೆ. ಕೊರೋನಾ ಮೊದಲ ತಿಂಗಳುಗಳ ಪ್ರಿಪ್ರಿಂಟ್‌ಗಳನ್ನು ಅವುಗಳ ಜರ್ನಲ್ ಆವೃತ್ತಿಯ ಜೊತೆ ಹೋಲಿಸಿ ನೋಡಿದಾಗಲೂ ಹೆಚ್ಚಿನವುಗಳ ಮುಖ್ಯ ತೀರ್ಮಾನ ಬದಲಾಗಿರಲಿಲ್ಲ.

ದುಡ್ಡು, ಹೆಸರು, ಕೆಲಸ

ಇನ್ನು ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ನೇರವಾಗಿ ತಟ್ಟುವ ಸಂಗತಿ, ದುಡ್ಡು. ಜರ್ನಲ್ ಓದಲು ಚಂದಾ ಬೇಕು. ಇಲ್ಲವೇ ಎಲ್ಲರೂ ಓದುವ ಹಾಗೆ ಪ್ರಕಟಿಸಲು ಬರೆದವರೇ ಶುಲ್ಕ ಕಟ್ಟಬೇಕು. ನೇಚರ್ 2020ರಲ್ಲಿ ಹೇಳಿದ ಶುಲ್ಕ ಒಂದು ಪೇಪರಿಗೆ 9,500 ಯೂರೋ, ಅಂದರೆ ಎಂಟು ಲಕ್ಷ ರೂಪಾಯಿಗೂ ಮೇಲೆ. ಎಷ್ಟೋ ಪಿಎಚ್‌ಡಿ ವಿದ್ಯಾರ್ಥಿಗಳ ಒಂದು ವರ್ಷದ ಫೆಲೋಶಿಪ್‌ಗಿಂತ ಜಾಸ್ತಿ ಅದು! 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ 'ಒಂದು ದೇಶ, ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಮಂಜೂರು ಮಾಡಿತು. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಸಂಸ್ಥೆಗಳಿಗೆ ಸಿಗುವಂತಾಯಿತು. ಒಳ್ಳೆಯ ಕೆಲಸವೇ. ಆದರೆ ಮೊದಲ ಹಂತ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಹುಡುಗಿ, ತಾಲೂಕು ಕೇಂದ್ರದಲ್ಲಿ ಕ್ಲಿನಿಕ್ ಇಟ್ಟ ವೈದ್ಯರು, ಸ್ಟಾರ್ಟಪ್ ನಡೆಸುವವರು, ವಿಜ್ಞಾನ ಬರೆಯುವ ನನ್ನಂಥವರು ಎಲ್ಲ ಹೊರಗೇ. ಪ್ರಿಪ್ರಿಂಟ್‌ಗೆ ಈ ಗೇಟು ಇಲ್ಲ.

ಕೃತಕ ಬುದ್ಧಿಮತ್ತೆಯ ಲೋಕ ಹೆಚ್ಚುಕಡಿಮೆ ಪೂರ್ತಿ ಹೀಗೇ ನಡೆಯುತ್ತದೆ. ಈಗಿನ ಚಾಟ್‌ಬಾಟ್‌ಗಳ ಬುಡದಲ್ಲಿರುವ ಟ್ರಾನ್ಸ್‌ಫಾರ್ಮರ್ ಎಂಬ ವಿನ್ಯಾಸವನ್ನು ಗೂಗಲ್‌ನ ಆಶಿಶ್ ವಾಸ್ವಾನಿ ಮತ್ತು ಜೊತೆಗಾರರು 2017ರ ಜೂನ್ 12ಕ್ಕೆ ಆರ್ಕೈವ್‌ನಲ್ಲಿ ಹಾಕಿದ್ದರು. ಸಮ್ಮೇಳನದಲ್ಲಿ ಅದು ಅಧಿಕೃತವಾಗಿ ಬಂದದ್ದು ಡಿಸೆಂಬರ್‌ನಲ್ಲಿ. ಆ ಕ್ಷೇತ್ರದಲ್ಲಿ ಆರು ತಿಂಗಳು ಅಂದರೆ ಒಂದು ಯುಗ.

ಹೊಸಬರಿಗೆ ಇನ್ನೊಂದು ಹೆದರಿಕೆ: 'ಬಯಲಲ್ಲಿ ಇಟ್ಟರೆ ನನ್ನ ಐಡಿಯಾ ಯಾರಾದರೂ ಕದ್ದರೆ?' ಅಸಲಿಗೆ ಪ್ರಿಪ್ರಿಂಟ್ ಕಾವಲು ಕಾಯುತ್ತದೆ. ಹಾಕಿದ ದಿನಾಂಕ ಎಲ್ಲರಿಗೂ ಕಾಣುವ ಹಾಗೆ ಅಚ್ಚೊತ್ತಿರುತ್ತದೆ. ಪೇಪರ್ ಜರ್ನಲ್‌ನಲ್ಲಿ ಒಂದು ವರ್ಷ ಕೂತಿರುವಾಗ ಇನ್ನೊಂದು ತಂಡ ಅದೇ ಫಲಿತಾಂಶ ಪ್ರಕಟಿಸಿಬಿಟ್ಟರೆ, ಮೊದಲು ಮಾಡಿದ್ದು ನಾನು ಎಂದು ತೋರಿಸಲು ಬೇರೆ ದಾರಿ ಕಷ್ಟ. ಕೆಲಸಕ್ಕೋ ಫೆಲೋಶಿಪ್‌ಗೋ ಅರ್ಜಿ ಹಾಕುವಾಗಲೂ 'ರಿವ್ಯೂನಲ್ಲಿದೆ' ಎಂದು ಬರೆದರೆ ಯಾರೂ ಓದಲಾರರು, ಪ್ರಿಪ್ರಿಂಟ್ ಕೊಂಡಿ ಕೊಟ್ಟರೆ ಓದಬಹುದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2017ರಿಂದ ಅನುದಾನದ ಅರ್ಜಿಗಳಲ್ಲಿ ಪ್ರಿಪ್ರಿಂಟ್ ತೋರಿಸಲು ಬಿಟ್ಟಿದೆ. ಗೇಟ್ಸ್ ಫೌಂಡೇಶನ್ ಇನ್ನೂ ಮುಂದೆ ಹೋಗಿದೆ. 2025ರಿಂದ ತನ್ನ ದುಡ್ಡಿನಲ್ಲಿ ನಡೆದ ಸಂಶೋಧನೆ ಪ್ರಿಪ್ರಿಂಟ್ ಆಗಲೇಬೇಕು, ಜರ್ನಲ್ ಶುಲ್ಕ ಕೊಡುವುದಿಲ್ಲ ಎಂದಿದೆ. ನಮ್ಮ ಎಷ್ಟೋ ವಿಶ್ವವಿದ್ಯಾಲಯಗಳ ನೇಮಕಾತಿ ಸಮಿತಿಗಳು ಮಾತ್ರ ಇನ್ನೂ ಜರ್ನಲ್‌ಗಳ ತಲೆ ಎಣಿಸುತ್ತಲೇ ಕೂತಿವೆ. ಪೇಪರ್ ಓದುವುದಕ್ಕಿಂತ ಎಣಿಸುವುದು ಸುಲಭ ಅಲ್ವಾ?

ಆರ್ಕೈವ್‌ನ ಹೊಸ ಪಟ್ಟಿ ಹೊರಬೀಳುವುದು ಅಮೆರಿಕದ ಪೂರ್ವ ತೀರದ ರಾತ್ರಿ ಎಂಟಕ್ಕೆ. ನಮಗೆ ಆಗ ಅವರ ಬೇಸಿಗೆಯಲ್ಲಿ ಬೆಳಗಿನ ಐದೂವರೆ, ಚಳಿಗಾಲದಲ್ಲಿ ಆರೂವರೆ. ಹಾಗಾಗಿ ಭಾರತದ ಭೌತವಿಜ್ಞಾನಿ ಕಾಫಿ ಹೊತ್ತಿಗೆ ಪಟ್ಟಿ ನೋಡುತ್ತಾರೆ, ಅಮೆರಿಕದವರಿಗೆ ಅದು ರಾತ್ರಿ ಊಟದ ಸಮಯ. ಪಟ್ಟಿಯ ತಲೆಯಲ್ಲಿ ಬಂದ ಪೇಪರ್‌ಗಳನ್ನು ಜನ ಜಾಸ್ತಿ ಓದುತ್ತಾರೆ, ಜಾಸ್ತಿ ಉಲ್ಲೇಖಿಸುತ್ತಾರೆ ಎಂಬುದು ಲೆಕ್ಕ ಹಾಕಿ ಕಂಡುಕೊಂಡ ಸತ್ಯ. ಅದಕ್ಕೇ ಗಡುವು ಮುಗಿದು ಬಾಗಿಲು ತೆರೆಯುವ ಕ್ಷಣಕ್ಕೆ ಗುಂಡಿ ಒತ್ತಲು ಕಾದು ಕೂರುವವರೂ ಇದ್ದಾರೆ. ವಿಜ್ಞಾನಿಗಳೂ ಮನುಷ್ಯರೇ.

ಎಚ್ಚರಿಕೆ ಎಲ್ಲಿ ಬೇಕು

ಔಷಧದ ವಿಷಯದಲ್ಲಿ ನಾನು ಇಷ್ಟು ಧಾರಾಳವಾಗಿ ಮಾತಾಡಲಾರೆ. ಐವರ್‌ಮೆಕ್ಟಿನ್ ಕೊರೋನಾ ಸಾವನ್ನು ಭಾರೀ ಇಳಿಸುತ್ತದೆ ಎಂದ ಈಜಿಪ್ಟಿನ ಪ್ರಿಪ್ರಿಂಟ್ ಒಂದು 2020ರ ನವೆಂಬರ್‌ನಲ್ಲಿ ಬಂತು. ಬೇರೆ ಪೇಪರ್‌ಗಳು ಅದನ್ನು ತಮ್ಮ ಲೆಕ್ಕದಲ್ಲಿ ಸೇರಿಸಿಕೊಂಡವು. ಅದರಲ್ಲಿನ ಗೋಲ್‌ಮಾಲ್ ಹಿಡಿದದ್ದು ಲಂಡನ್ನಿನ ಒಬ್ಬ ವೈದ್ಯಕೀಯ ವಿದ್ಯಾರ್ಥಿ. ದಾಖಲೆಯ ಕಡತಕ್ಕೆ ಹಾಕಿದ್ದ ಪಾಸ್‌ವರ್ಡ್ 1234 ಎಂದು ಊಹಿಸಿ ತೆರೆದು ನೋಡಿದರೆ, ಅಧ್ಯಯನ ಶುರುವಾಗುವ ಮುಂಚೆಯೇ ತೀರಿಕೊಂಡವರೂ ಪಟ್ಟಿಯಲ್ಲಿದ್ದರು. ತಾಣ ಆ ಪೇಪರ್ ತೆಗೆದದ್ದು 2021ರ ಜುಲೈಯಲ್ಲಿ. ಅಷ್ಟರಲ್ಲಿ ಎಷ್ಟು ಜನ ಆ ಮಾತ್ರೆ ನುಂಗಿದ್ದರೋ.

ಇಂಥ ಅಪಾಯ ಇರುವುದರಿಂದಲೇ ಮೆಡ್‌ಆರ್ಕೈವ್ ಬಂದದ್ದನ್ನೆಲ್ಲ ಹಾಗೇ ಹಾಕುವುದಿಲ್ಲ. ಕಳವಿನ ಬರಹವೇ, ರೋಗಿಯ ಗುರುತು ಬಯಲಾಗುತ್ತದೆಯೇ, ಜನರ ಆರೋಗ್ಯಕ್ಕೆ ಅಪಾಯವೇ ಎಂದು ಮೊದಲು ನೋಡುತ್ತಾರೆ. ಪೇಪರ್ ಸರಿಯೋ ತಪ್ಪೋ ಎಂಬ ತೀರ್ಪು ಅದಲ್ಲ. ಚಿಕಿತ್ಸೆಗೆ ಇದನ್ನು ಆಧಾರ ಮಾಡಿಕೊಳ್ಳಬೇಡಿ ಎಂದು ತಾಣವೇ ಬರೆದಿರುತ್ತದೆ. ಆರ್ಕೈವ್‌ಗೆ ಈಗ ಬೇರೆಯದೇ ತಲೆನೋವು. ಎಐ ಬರೆದ ಸಮೀಕ್ಷಾ ಲೇಖನಗಳು ಹರಿದು ಬರುತ್ತಿವೆ. 2025ರ ಅಕ್ಟೋಬರ್‌ನಲ್ಲಿ ಅದು ಕಂಪ್ಯೂಟರ್ ವಿಜ್ಞಾನ ವಿಭಾಗದಲ್ಲಿ ಸಮೀಕ್ಷಾ ಲೇಖನಗಳನ್ನು, ಯಾರೇ ಬರೆದಿರಲಿ, ಮೊದಲು ಬೇರೆಡೆ ರಿವ್ಯೂ ಮಾಡಿಸಿಕೊಂಡು ಬನ್ನಿ ಎಂದಿತು.

ಪತ್ರಿಕೆಯಲ್ಲಿ 'ಹೊಸ ಅಧ್ಯಯನ ಹೇಳುತ್ತದೆ' ಎಂದು ಕಂಡರೆ, ಅದು ಪ್ರಿಪ್ರಿಂಟೋ ಜರ್ನಲ್ಲೋ ಎಂದು ಸುದ್ದಿಯಲ್ಲಿ ಹುಡುಕಿ. ಹೇಳಿಲ್ಲದಿದ್ದರೆ ಸುದ್ದಿಯ ಮೇಲೇ ಅನುಮಾನ ಪಡಿ. ತಾಣಕ್ಕೆ ಹೋದರೆ ಎಷ್ಟನೇ ಆವೃತ್ತಿ, ಹಿಂದಕ್ಕೆ ಪಡೆದಿದ್ದಾರೆಯೇ, ಆಮೇಲೆ ಯಾವ ಜರ್ನಲ್‌ನಲ್ಲಿ ಬಂತು ಎಂದು ಸಾಮಾನ್ಯವಾಗಿ ಅಲ್ಲೇ ಕಾಣುತ್ತದೆ. ಮದ್ದಿನ ವಿಷಯವಾದರೆ ಸುಮ್ನೆ ವೈದ್ಯರನ್ನು ಕೇಳಿ.

ನೀವೇ ಹಾಕುವುದಾದರೆ, ಜೊತೆ ಲೇಖಕರೆಲ್ಲರ ಒಪ್ಪಿಗೆ ಮೊದಲು ಪಡೆಯಿರಿ. ಇದರಲ್ಲಿ ಆಗುವ ಜಗಳ ಗೈಡ್ ಜೊತೆಗಿನ ಸಂಬಂಧವನ್ನೇ ಕೆಡಿಸಬಲ್ಲದು. ಕಳಿಸಬೇಕೆಂದಿರುವ ಜರ್ನಲ್‌ನ ನಿಯಮ ಓದಿ. ವಿಜ್ಞಾನದ ಹೆಚ್ಚಿನ ಜರ್ನಲ್‌ಗಳು ಈಗ ಪ್ರಿಪ್ರಿಂಟ್ ಒಪ್ಪುತ್ತವೆ, ಎಲ್ಲವೂ ಅಲ್ಲ. ಆರ್ಕೈವ್‌ಗೆ ಮೊದಲ ಸಲ ಹೋಗುವವರಿಗೆ ಈಗಾಗಲೇ ಅಲ್ಲಿ ಪೇಪರ್ ಹಾಕಿರುವವರೊಬ್ಬರ ಶಿಫಾರಸು ಬೇಕಾಗಬಹುದು. ಒಮ್ಮೆ ಹಾಕಿದ್ದನ್ನು ಅಳಿಸಲು ಬರುವುದಿಲ್ಲ. ಹಿಂದಕ್ಕೆ ಪಡೆದರೂ ಹಳೆಯ ಆವೃತ್ತಿ ಅಲ್ಲೇ ಇರುತ್ತದೆ. ಇನ್ನು ನಿಮ್ಮ ಕೆಲಸದಲ್ಲಿ ಪೇಟೆಂಟ್ ಆಗುವ ಸರಕಿದ್ದರೆ ಪ್ರಿಪ್ರಿಂಟ್‌ಗೆ ಅವಸರ ಮಾಡಬೇಡಿ. ಅರ್ಜಿಗೆ ಮುಂಚೆ ಬಹಿರಂಗವಾದದ್ದನ್ನು ಭಾರತದ ಪೇಟೆಂಟ್ ಕಾನೂನು ಸಾಮಾನ್ಯವಾಗಿ ಹೊಸದೆಂದು ಪರಿಗಣಿಸುವುದಿಲ್ಲ. ಮೊದಲು ಒಂದು ಪ್ರಾವಿಷನಲ್ ಅರ್ಜಿ ಹಾಕಿ. ಪೂರ್ತಿ ಅರ್ಜಿ ಸಲ್ಲಿಸಲು 12 ತಿಂಗಳು ಸಮಯ ಸಿಗುತ್ತದೆ. ಅದರಲ್ಲಿ ಬರೆದಿರುವಷ್ಟನ್ನು ಮರುದಿನವೇ ಪ್ರಿಪ್ರಿಂಟ್ ಹಾಕಿದರೂ ಆಗ ಅಡ್ಡಿಯಿಲ್ಲ.